ಹೊಸ್ತಿಲೊಳಗಿನ ಬೂಟು

ಹೆಣ್ಣುಮಕ್ಕಳು ತವರು ಬಿಟ್ಟು ಬರುವಾಗ ಅಳುತ್ತಾರೆ. ನಾನು ಗಂಡನ ಮನೆ ಬಿಟ್ಟು ತವರಿಗೆ ಹೊರಡುವಾಗ ಅಳುತ್ತಿದ್ದೆ. ಪಂಚಮಿಗೆಂದು ಗಡಹಿಂಗ್ಲಜಕ್ಕೆ ಹೋದರೆ ಜೋಕಾಲಿಯಿಂದ ಇಳಿಯುವಷ್ಟರಲ್ಲಿ ಇಚಲಕರಂಜಿಯ ನನ್ನ ಅಡುಗೆಮನೆ ಕಣ್ಣಮುಂದೆ ಬರುತ್ತಿತ್ತು. ಉಪ್ಪಿನಕಾಯಿ ಭರಣಿಯ ಬಾಯಿಗೆ ಅರಿವೆ ಕಟ್ಟಿದ್ದೆನೋ ಇಲ್ಲವೋ, ಹೆಪ್ಪು ಹಾಕಿದ ಮೊಸರು ಹುಳಿ ಬಂದಿತೋ ಏನೋ ಎಂದು ಹೇಳಿ ಹೇಳಿ ನಮ್ಮವ್ವನ ತಲೆ ತಿನ್ನುತ್ತಿದ್ದೆ. ಅವಳು ಹಣೆ ಬಡಿದುಕೊಂಡು, "ಇದೇನ ಉಲ್ಟಾ ಕಾರಭಾರ ಹಡದೇನವ್ವಾ ನಾನು!" ಎನ್ನುತ್ತಿದ್ದಳು.

ಅಂಥ ದೊಡ್ಡ ಮನೆಯೇನೂ ಅಲ್ಲ ಅದು. ಒಂದು ಪಡಸಾಲೆ, ಅದರಾಚೆ ಅಡುಗೆಮನೆ, ಅಡುಗೆಮನೆಗೆ ಹತ್ತಿಕೊಂಡು ದೇವರ ಜಗಲಿಯ ಸಣ್ಣ ಕೋಣೆ. ಪಕ್ಕದ ತಗಡಿನ ಶೆಡ್ಡಿನಲ್ಲಿ ನಮ್ಮ ಮನೆಯವರ ಕರೆಂಟಿನ ಮಗ್ಗಗಳು ಬೆಳಗಿನಿಂದ ಖಟಖಟ ಎನ್ನುತ್ತಿದ್ದವು. ಆದರೆ ಆ ಮನೆಯ ಒಂದೊಂದು ಮೂಲೆಯನ್ನೂ ನಾನು ಸ್ವತಃ ಸಾರಿಸಿದ್ದೆ, ಒಂದೊಂದು ತಂಬಿಗೆಯನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೆ. ಯಾರಾದರೂ ಬಂದು, "ಎಷ್ಟ ಸ್ವಚ್ಛ ಇಟ್ಟೀರಿ ಅಕ್ಕಾರ" ಅಂದರೆ ಅವತ್ತು ನನಗೆ ಊಟವೇ ಬೇಡ.

ಮನೆಯಲ್ಲಿ ನಾವು ಮೂವರೇ. ನಾನು, ಅವರು, ಅತ್ತೆ. ಅತ್ತೆ ಬೆಳಿಗ್ಗೆ ಮಿಂದು ಲಿಂಗಪೂಜೆ ಮುಗಿಸದೆ ಒಂದು ಗುಟುಕು ನೀರೂ ಮುಟ್ಟುತ್ತಿರಲಿಲ್ಲ. ಅವರದೊಂದು ಕಾಯಿದೆ ಇತ್ತು: ತೊಗಲು ಹೊಸ್ತಿಲು ದಾಟಕೂಡದು. ಚಪ್ಪಲಿ ಹೊರಗೆ ಬಿಡುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ಮನೆಯಲ್ಲಿ ಇವರ ಸೊಂಟದ ಬೆಲ್ಟು ಕೂಡ ಶೆಡ್ಡಿನ ಗೂಟಕ್ಕೇ ನೇತಾಡುತ್ತಿತ್ತು. ನನಗೂ ಇದು ತಪ್ಪು ಅನ್ನಿಸಿರಲಿಲ್ಲ. ಸಾರಿಸಿದ ನೆಲದ ಮೇಲೆ ಹೊರಗಿನ ಧೂಳು ಯಾಕೆ ಬರಬೇಕು?

ಐವತ್ತರ ದಶಕ ಮುಗಿಯುತ್ತ ಬಂದಾಗ ನನಗೆ ಚೊಚ್ಚಲು ಹೆಣ್ಣು ಹುಟ್ಟಿತು, ಗಡಹಿಂಗ್ಲಜದ ತವರುಮನೆಯಲ್ಲಿ. ಸೂಲಗಿತ್ತಿ ಕೂಸಿಗೆ ಎರೆಯುತ್ತ ಬಲಗಾಲನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು. ಪಾದ ಒಳಕ್ಕೆ ತಿರುಚಿಕೊಂಡಿತ್ತು. ತೀರ್ಥಕ್ಕೆ ಒಡ್ಡಿದ ಅಂಗೈಯ ಹಾಗೆ ಅಂಗಾಲು ಮೇಲೆ ನೋಡುತ್ತಿತ್ತು. ನೋಡಲು ಬಂದ ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು, "ಗ್ರಹಣದಾಗ ಏನರ ಕೊಯ್ದಿರಬೇಕ ನೋಡ" ಎಂದು ಪಿಸುಗುಟ್ಟಿದರು. ನನಗೆ ಮೈಯೆಲ್ಲ ಉರಿಯಿತು. ಗ್ರಹಣದ ದಿನ ನಾನು ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ, ಈಗ ಕೊಯ್ಯುತ್ತಿರುವುದು ನಿಮ್ಮ ನಾಲಿಗೆ ಎಂದು ಬಾಣಂತಿಯಾದರೂ ಹೇಳಿಯೇಬಿಟ್ಟೆ. ಅವ್ವ ನನ್ನ ಬಾಯಿ ಮುಚ್ಚಲು ಓಡಿ ಬಂದಳು.

ಅಪ್ಪನದು ಮನೆಯ ಮುಂಭಾಗದಲ್ಲೇ ಕಿರಾಣಿ ಅಂಗಡಿ. ಗಿರಾಕಿಗಳಲ್ಲಿ ಅವರನ್ನು ಇವರನ್ನು ವಿಚಾರಿಸಿ ಬಂದು ಅಪ್ಪ ಹೇಳಿದರು: "ಕೊಲ್ಲಾಪೂರದಾಗ ಎಲುವಿನ ಡಾಕ್ಟರ ಒಬ್ಬರು ಇಂಥಾ ಕಾಲು ಸುದ್ದ ಮಾಡತಾರಂತ. ಅಳಕೋತ ಕೂತರ ಕಾಲು ನೆಟ್ಟಗಾಗೂದಿಲ್ಲ, ಏಳ."

ಡಾಕ್ಟರು ಮರಾಠಿಯವರು, ಮಾತು ಕಡಿಮೆ, ಕೈ ಮೆತ್ತಗೆ. ಕೂಸಿನ ಪಾದವನ್ನು ತಿರುಗಿಸಿ ನೋಡಿ, ಎಳೆಯ ಎಲುಬು ಬಗ್ಗುತ್ತದೆ ಎಂದರು. ಆದರೆ ವಾರವಾರವೂ ಬಂದು ಪ್ಲಾಸ್ಟರು ಬದಲಿಸಬೇಕು, ಪ್ರತಿ ಸಲ ಒಂದಿಷ್ಟು ನೆಟ್ಟಗೆ ಮಾಡುತ್ತ ಹೋಗಬೇಕು. ನಡುವೆ ಬಿಟ್ಟರೆ ಈ ಹುಡುಗಿ ಜನ್ಮವಿಡೀ ಪಾದದ ಅಂಚಿನ ಮೇಲೆ ಕುಂಟುತ್ತ ನಡೆಯುತ್ತಾಳೆ, ಹಿಮ್ಮಡಿ ಎಂದೂ ನೆಲ ಮುಟ್ಟುವುದಿಲ್ಲ. ಇಷ್ಟನ್ನು ನನಗೆ ತಿಳಿಯುವ ಹಾಗೆ ನಿಧಾನ ಹೇಳಿದರು. ನನ್ನ ಮಗಳ ಹಿಮ್ಮಡಿ ನೆಲ ಮುಟ್ಟಬೇಕು. ಅವತ್ತಿನಿಂದ ನನಗೆ ಬೇರೆ ಹರಕೆಯೇ ಇರಲಿಲ್ಲ.

ಬಾಣಂತನ ಬೇಗ ಮುಗಿಸಿ ಕೂಸನ್ನು ಎತ್ತಿಕೊಂಡು ಇಚಲಕರಂಜಿಗೆ ಬಂದೆ. ಅಲ್ಲಿಂದ ಮೊದಲ ಎರಡು ಸಲ ಇವರು ಜೊತೆಗೆ ಬಂದರು. ಆದರೆ ನಮ್ಮಂಥವರ ಮನೆಯಲ್ಲಿ ಮಗ್ಗ ನಿಂತರೆ ಒಲೆ ನಿಂತ ಹಾಗೆ. "ನೀ ಒಬ್ಬಾಕಿನs ಹೋಗಿ ಬರತೀ ಏನ?" ಎಂದು ಅವರು ಕೇಳಿದರು. ಓಣಿಯ ಕೊನೆಯ ಗಿರಣಿಗೆ ಹೋಗುವಾಗಲೂ ಜೊತೆಗೆ ಒಬ್ಬರನ್ನು ಕರೆದೊಯ್ಯುತ್ತಿದ್ದವಳು ನಾನು.

ಒಬ್ಬಳೇ ಹೊರಟ ಮೊದಲ ಗುರುವಾರವನ್ನು ನೆನೆದರೆ ಈಗಲೂ ನಗು ಬರುತ್ತದೆ. ಎಸ್‌ಟಿ ಗಾಡಿ ಹಾತಕಣಂಗಲೆಯ ಹತ್ತಿರ ಬಂದಿತ್ತು, ಎರಡೂ ಕಡೆ ಕಬ್ಬು. ಮಡಿಲಲ್ಲಿ ಕೂಸು. ಒಮ್ಮೆಲೇ ನೆನಪಾಯಿತು, ಹಾಲು ಒಲೆಯ ಮೇಲೆ ಇಟ್ಟು ಬಂದಿದ್ದೇನೆ! "ಗಾಡಿ ನಿಂದರಸ್ರಿ!" ಎಂದು ಕೂಗಿಬಿಟ್ಟೆ. ಡ್ರೈವರು ಗಾಬರಿಯಾಗಿ ಬ್ರೇಕು ಒತ್ತಿದ. ಕಂಡಕ್ಟರು ಓಡಿ ಬಂದು, "ಕಾಯ ಝಾಲಂ, ಬಾಯಿ?" ಎಂದ. ಏನಾಯ್ತು ಎಂದು ಕೇಳಿದರೆ ಹೇಳುವುದೇನು? "ಹಾಲು" ಎಂದೆ. ಬಸ್ಸಿಗೆ ಬಸ್ಸೇ ನನ್ನತ್ತ ತಿರುಗಿತು. ಆಮೇಲೆ ಹಿಂದಿನ ಸೀಟಿನ ಒಬ್ಬ ಮುದುಕಿ, "ಮನ್ಯಾಗ ಅತ್ತಿ ಇಲ್ಲೇನ ನಿಂಗ?" ಎಂದು ಕೇಳಿದಳು. ಇದ್ದಾರೆ ಎಂದೆ. "ಹಂಗಾರ ಹಾಲೂ ಇಳಿಸ್ಯಾಳ, ನಿಂಗ ಬಯ್ದೂ ಮುಗಿಸ್ಯಾಳ. ನೀ ಆರಾಮ ಕೂಡ." ಇಡೀ ಬಸ್ಸು ಹೋ ಎಂದು ನಕ್ಕಿತು, ಕಂಡಕ್ಟರು ನಗುತ್ತಲೇ ಗಂಟೆ ಬಾರಿಸಿದ. ನಾನೂ ನಕ್ಕೆ. ಪರಸ್ಥಳದಲ್ಲಿ ಪರಜನರ ನಡುವೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು.

ಅಲ್ಲಿಂದ ಮುಂದೆ ನನಗೇನಾಯಿತೋ! ಗುರುವಾರ ಬಂತೆಂದರೆ ಹಬ್ಬ. ಕೋಳಿ ಕೂಗುವ ಮೊದಲೇ ಎದ್ದು ಜೋಳದ ಭಕ್ರಿ ಬಡಿದು, ಶೇಂಗಾಚಟ್ನಿ ಕಟ್ಟಿಕೊಂಡು, ಅತ್ತೆಗೆ ಹೇಳಿದ್ದನ್ನೇ ಹೇಳಿ ಅವರಿಂದ ಬೈಸಿಕೊಂಡು ಸ್ಟ್ಯಾಂಡಿಗೆ ಓಡುತ್ತಿದ್ದೆ. ಕೊಲ್ಲಾಪುರದಲ್ಲಿ ಇಳಿದು ಟಾಂಗಾ ಹತ್ತಿದರೆ ಕುದುರೆಯ ಗೊರಸಿನ ಸದ್ದಿಗೆ ನನ್ನ ಎದೆಯೂ ಕುಣಿಯುತ್ತಿತ್ತು. ಅಂಗಡಿ ಸಾಲುಗಳು, ಗೋಡೆಯ ಮೇಲೆ ಸಿನೆಮಾದ ಚಿತ್ರಗಳು, ತಾಲೀಮಿನಿಂದ ಬರುತ್ತಿದ್ದ ಮಣ್ಣು ಹತ್ತಿದ ಪೈಲವಾನರು. ಡಾಕ್ಟರ ಕೆಲಸ ಬೇಗ ಮುಗಿದರೆ ಅಂಬಾಬಾಯಿಯ ಗುಡಿ, ಅಲ್ಲಿಂದ ರಂಕಾಳ ಕೆರೆಯ ದಂಡೆ. ಕಾಗದದ ಪೊಟ್ಟಣದಲ್ಲಿ ಚುರಮುರಿಯ ಭೇಳ ತಿನ್ನುತ್ತ ನಾನು ನೀರು ನೋಡುತ್ತಿದ್ದೆ, ಕೂಸು ನನ್ನ ಬಾಯಿ ನೋಡುತ್ತಿತ್ತು. ಮಗಳ ಕಾಲಿಗೆ ಔಷಧ ಮಾಡಿಸಲು ಬಂದವಳು ಹೀಗೆ ಖುಷಿಪಡಬಹುದೇ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ಅನ್ನಿಸಿದರೂ ಭೇಳ ಮಾತ್ರ ಬಿಡುತ್ತಿರಲಿಲ್ಲ.

ಒಂದೇ ತೊಂದರೆ. ಮಗ್ಗದ ಸದ್ದಿನಲ್ಲೇ ಬೆಳೆದ ಕೂಸು, ಆಸ್ಪತ್ರೆಯ ಶಾಂತಿಯಲ್ಲಿ ಅದಕ್ಕೆ ನಿದ್ದೆಯೇ ಹತ್ತುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು ನಾನು ತಾಟು-ಲೋಟ ತೆಗೆದು ಖಟಖಟ ಬಡಿಯತೊಡಗಿದರೆ ನರ್ಸಬಾಯಿ ಓಡಿ ಬರುತ್ತಿದ್ದಳು. ಎಲ್ಲರ ಮಕ್ಕಳೂ ಎಚ್ಚರಾಗಿ ಚೀರುವಾಗ ನನ್ನ ಮಗಳು ಮಾತ್ರ ಗಡದ್ದಾಗಿ ಮಲಗುತ್ತಿದ್ದಳು.

ಸಂಜೆ ಇಚಲಕರಂಜಿಗೆ ಬಂದು ಓಣಿಯ ತಿರುವಿನಲ್ಲಿ ನಮ್ಮ ಮಗ್ಗದ ಸದ್ದು ಕೇಳಿದ ಕೂಡಲೇ ಕಾಲುಗಳು ತಾವಾಗಿಯೇ ಓಡುತ್ತಿದ್ದವು. ಒಳಗೆ ಹೋಗಿ ಮೊದಲು ಒಲೆ ಮುಟ್ಟಿ ನೋಡುತ್ತಿದ್ದೆ. ಅತ್ತೆ ನಗುತ್ತಿದ್ದರು: "ಯಾರೂ ಒಯ್ದಿಲ್ಲವ್ವಾ, ಅಲ್ಲೇ ಐತಿ."

ಕೂಸಿಗೆ ವರ್ಷ ತುಂಬುವ ಹೊತ್ತಿಗೆ ಪಾದ ನೆಟ್ಟಗಾಯಿತು! ಪ್ಲಾಸ್ಟರು ಬಿಚ್ಚಿದಾಗ ಆ ಬಿಳಿಚಿದ ಪುಟ್ಟ ಅಂಗಾಲು ಉಳಿದವರ ಅಂಗಾಲಿನ ಹಾಗೆಯೇ ಕೆಳಗೆ ನೋಡುತ್ತಿತ್ತು. ನಾನು ಅದಕ್ಕೆ ಹಣೆ ಹಚ್ಚಿದೆ. ಡಾಕ್ಟರು ಅಳತೆ ಕೊಟ್ಟು ಮಾಡಿಸಿದ ಕೆಂಪು ತೊಗಲಿನ ಬೂಟು ತೊಡಿಸಿದರು, ಪಾದದ ಮೇಲಿನಿಂದ ಮೇಲಕ್ಕೆ ಲಾಡಿ ಬಿಗಿಯುವಂಥದು, ಒಳಗೆ ಗಟ್ಟಿ ಪಟ್ಟಿ. ಇದನ್ನು ಸದಾ ಹಾಕಿರಬೇಕು, ಇನ್ನು ತಿಂಗಳು ಬಿಟ್ಟು ಬನ್ನಿ ಎಂದರು.

ಸದಾ ಹಾಕಿದೆವು. ಅಂಗಳಕ್ಕೆ ಬಿಟ್ಟರೆ ಹಾಕಿದೆವು, ಗುಡಿಗೆ ಹೊತ್ತುಕೊಂಡು ಹೋದರೆ ಹಾಕಿದೆವು, ಓಣಿಯಲ್ಲಿ ಇವರು ಹೆಗಲ ಮೇಲೆ ಕೂಡಿಸಿಕೊಂಡು ತಿರುಗಿದರೆ ಹಾಕಿದೆವು. "ನಮ್ಮ ಸಾಹೇಬ್ರ ಬೂಟ ನೋಡ್ರಿ" ಎಂದು ಇವರು ಕಂಡಕಂಡವರಿಗೆ ತೋರಿಸುತ್ತಿದ್ದರು. ಮನೆಗೆ ಬಂದ ಕೂಡಲೇ ಹೊಸ್ತಿಲ ಹೊರಗೆ ಬಿಚ್ಚಿ, ನಮ್ಮೆಲ್ಲರ ಚಪ್ಪಲಿಯ ಸಾಲಿನಲ್ಲಿ ಆ ಕೆಂಪು ಜೋಡಿಯನ್ನು ಇಟ್ಟು, ಕಾಲು ತೊಳೆದು ಒಳಗೆ ಒಯ್ಯುತ್ತಿದ್ದೆವು. ಅತ್ತೆ ಹೇಳಲಿಲ್ಲ, ಯಾರೂ ಹೇಳಲಿಲ್ಲ. ಹೇಳುವುದೇನಿದೆ ಅದರಲ್ಲಿ?

ತಿಂಗಳಾದ ಮೇಲೆ ಡಾಕ್ಟರು ಬೂಟು ಬಿಚ್ಚಿದವರು ಹುಬ್ಬು ಗಂಟಿಕ್ಕಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನನಗೂ ಕಾಣಿಸಿತು. ಪಾದ ಮತ್ತೆ ಒಳಗೆ ಹೊರಳುತ್ತಿತ್ತು.

"ಬಾಯಿ, ಘರಾತ ಬೂಟ ಘಾಲತಾ ನಾ?" ಎಂದರು. ಮನೆಯೊಳಗೆ ಬೂಟು ಹಾಕುತ್ತೀರಿ ತಾನೆ, ಎಂದು.

ನಾನು ಅವರ ಮುಖವನ್ನೇ ನೋಡಿದೆ. "ಘರಾತ? ಘರಾತ ಕೋಣ ಘಾಲತೋ, ಡಾಕ್ಟರಸಾಹೇಬ?" ಮನೆಯೊಳಗೆ ಯಾರಾದರೂ ಹಾಕುತ್ತಾರೆಯೇ?

ಅವರು ಕೈಯಲ್ಲಿದ್ದ ಬೂಟನ್ನು ಮೇಜಿನ ಮೇಲಿಟ್ಟು, ನಗಬೇಕೋ ಅಳಬೇಕೋ ತಿಳಿಯದವರ ಹಾಗೆ ಕೂತುಬಿಟ್ಟರು. ಆಮೇಲೆ ಒಂದೊಂದೇ ಮಾತು ಬಿಡಿಸಿ ಹೇಳಿದರು. ಉಣ್ಣುವಾಗ, ಆಡುವಾಗ, ಮಲಗಿದಾಗ, ಸ್ನಾನ ಒಂದನ್ನು ಬಿಟ್ಟು ಎಲ್ಲ ಹೊತ್ತೂ ಬೂಟು ಕಾಲಲ್ಲಿರಬೇಕು. ಈಗ ಮತ್ತೆ ಪ್ಲಾಸ್ಟರು ಹಾಕಿ ನೆಟ್ಟಗೆ ಮಾಡುತ್ತೇನೆ. ಆದರೆ ಇನ್ನೊಮ್ಮೆ ಹೊರಳಿದರೆ ಕೊಯ್ಯಬೇಕಾಗುತ್ತದೆ, ಕೊಯ್ದರೂ ಕುಂಟು ಹೋಗುತ್ತದೆಂದು ಹೇಳಲಾರೆ. ನಿಮ್ಮ ಮನೆಯಲ್ಲಿ ಆಗದಿದ್ದರೆ ಹುಡುಗಿಯನ್ನು ವಾರ್ಡಿನಲ್ಲೇ ಬಿಡಿ, ಇಲ್ಲಿ ಯಾರೂ ಬೂಟು ಬಿಚ್ಚುವುದಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ನಿಮ್ಮ ದೇವರಕೋಣೆಗೆ ನೀವು ಬೂಟು ಹಾಕಿಕೊಂಡು ಹೋಗುತ್ತೀರಾ ಎಂದು ಕೇಳಿಯೇಬಿಟ್ಟೆ. ಅವರು ನಕ್ಕರು. "ನಮ್ಮ ತಾಯಿ ನನ್ನ ಕಾಲನ್ನೇ ಮುರಿದು ಕೈಗೆ ಕೊಟ್ಟಾಳು" ಎಂದರು ಮರಾಠಿಯಲ್ಲಿ. ನಗು ಇಳಿದ ಮೇಲೆ, "ಆದರೆ ಇದು ನನ್ನ ಮಗಳ ಕಾಲಾಗಿದ್ದರೆ ಹೋಗುತ್ತಿದ್ದೆ" ಎಂದರು.

ಮತ್ತೆ ಗುರುವಾರಗಳು ಶುರುವಾದವು. ಮನೆಯಲ್ಲಿ ಸುದ್ದಿ ಹೇಳಿದಾಗ ಅತ್ತೆ ಎದ್ದು ಹೋದರು. ಅಷ್ಟರಲ್ಲಿ ಗಡಹಿಂಗ್ಲಜದಿಂದ ಅಪ್ಪ ಬಂದರು. ಅವರ ಲೆಕ್ಕ ಸರಳ: "ನಮ್ಮ ಅಂಗಡಿ ಪಡಸಾಲ್ಯಾಗ ಗಿರಾಕಿ ಚಪ್ಪಲಿ ಹಾಕ್ಕೊಂಡs ಬರತಾರ. ಕೂಸು ಅಲ್ಲೇ ಬೆಳೀಲಿ, ಕಾಲು ಗಟ್ಟಿ ಆದ ಮ್ಯಾಲ ಕರಕೊಂಡ ಹೋಗ್ರಿ. ನಿಮ್ಮ ಪದ್ಧತೀನೂ ಉಳೀತದ."

ಅತ್ತೆಯ ಮುಖ ಅರಳಿತು. "ಛಲೋ ಆತಲ್ಲ ಬೀಗರ" ಎಂದರು.

"ಛಲೋ ಏನ ಆತರಿ?" ಎಂದೆ ನಾನು. "ನಾ ಇಲ್ಲಿ, ಕೂಸು ಅಲ್ಲಿ?"

"ನೀನೂ ಹೋಗ ಬೇಕಾರ" ಎಂದರು ಅತ್ತೆ. ಬೈದು ಹೇಳಿದ್ದಲ್ಲ, ಉಪಾಯವೆಂದೇ ಹೇಳಿದ್ದು. ಆದರೆ ನನಗೆ ಕಣ್ಣಲ್ಲಿ ನೀರು ಬಂತು. ಈ ಮನೆ ಬಿಟ್ಟು ಎರಡು ರಾತ್ರಿ ಇರಲಾರದವಳಿಗೆ ವರ್ಷಗಟ್ಟಲೆ ಇರು ಎಂದರೆ? ಇಲ್ಲವೆಂದರೆ ಮಗಳನ್ನು ಬಿಟ್ಟಿರು ಎಂದರೆ? ಹೊತ್ತು ಬಂದಾಗ ನೋಡೋಣ ಎಂದು ಇವರು ಮಾತು ಮುಗಿಸಿದರು. ಹೊತ್ತು ಬಂದೇ ಬರುತ್ತಿತ್ತು, ಗುರುವಾರ ಗುರುವಾರವೂ ಹತ್ತಿರ ಬರುತ್ತಿತ್ತು.

ಮುಂಬೈ ರಾಜ್ಯ ಹೋಗಿ ಮಹಾರಾಷ್ಟ್ರ ಆದ ಹೊಸತು. ಬಸ್ಸಿನಲ್ಲಿ ಗಂಡಸರೆಲ್ಲ ಗಡಿಯ ಮಾತೇ ಆಡುತ್ತಿದ್ದರು, ಯಾವ ಊರು ಯಾವ ಕಡೆ ಸೇರಬೇಕು ಎಂದು ಜಗಳ. ಅವತ್ತು ಪ್ಲಾಸ್ಟರು ಬಿಚ್ಚಿ, ನೆಟ್ಟಗಾದ ಪಾದಕ್ಕೆ ಹೊಸ ಬೂಟು ಬಿಗಿಸಿಕೊಂಡು ನಾನು ಮರಳುತ್ತಿದ್ದೆ. ನನಗೆ ಇದ್ದದ್ದು ಒಂದೇ ಗಡಿಯ ಚಿಂತೆ, ನಮ್ಮ ಮನೆಯ ಹೊಸ್ತಿಲಿನದು. ಹಾತಕಣಂಗಲೆ ದಾಟುವಷ್ಟರಲ್ಲಿ ನನ್ನ ಮನಸ್ಸು ಗಟ್ಟಿಯಾಗಿತ್ತು. ಹೆದರಿಕೆಗಿಂತ ಹೆಚ್ಚಾಗಿ ಒಂದು ಥರ ಹುರುಪೇ ಬಂದಿತ್ತು, ಕುಸ್ತಿಗೆ ಇಳಿಯುವವರ ಹಾಗೆ.

ಅತ್ತೆ ಎಂದಿನಂತೆ ಕಾಲಿಗೆ ನೀರು ತಂದರು. ನಾನು ತೊಳೆದುಕೊಂಡೆ. ಕೂಸಿನ ಕಾಲು ತೊಳೆಯಲು ಬಗ್ಗಿದವರು ತಂಬಿಗೆಯನ್ನು ಹಾಗೇ ಹಿಡಿದು ನಿಂತರು.

"ಬಿಚ್ಚ."

"ಬಿಚ್ಚೂದಿಲ್ಲರಿ, ಅತ್ತಿ."

"ಹಂಗs ಒಳಗ ಬರತೀ ಏನ?"

"ನೀವು ಒಲ್ಲೆ ಅಂದರ ಬರೂದಿಲ್ಲ. ಇಲ್ಲೇ ಕಟ್ಟಿ ಮ್ಯಾಲ ಇರತೇವಿ ಇಬ್ಬರೂ. ಇಕಿ ಒಳಗ ಬರದ ಮನಿ ನನಗ ಬ್ಯಾಡರಿ."

ಹೇಳಿದವಳು ನಾನೇನಾ ಎಂದು ನನಗೇ ಸೋಜಿಗವಾಯಿತು. ಕಟ್ಟೆಯ ಮೇಲೆ ಕೂತೆ. ತೆರೆದ ಬಾಗಿಲಿನಿಂದ ನನ್ನ ಒಲೆ ಕಾಣುತ್ತಿತ್ತು, ಹಿಟ್ಟಿನ ಪರಾತ ಕಾಣುತ್ತಿತ್ತು. ಆಚೆಮನೆಯ ಈಚೆಮನೆಯ ಹೆಂಗಸರು ಬಾಗಿಲಿಗೆ ಬಂದರು. ಇವರು ಮಗ್ಗ ನಿಲ್ಲಿಸಿ, ಹಸಿದು ಬಂದವರು, ನನ್ನನ್ನು ನೋಡಿದರು, ತಮ್ಮ ಅವ್ವನನ್ನು ನೋಡಿದರು. ಬಂದು ನನ್ನ ಪಕ್ಕದಲ್ಲಿ ಕೂತರು! ಮದುವೆಯಾದಾಗಿನಿಂದ ಆ ಗಂಡಸಿನ ಮೇಲೆ ಅಷ್ಟು ಪ್ರೀತಿ ಬಂದದ್ದು ಅವತ್ತೇ.

"ನೀನೂ ಏನೋ?" ಎಂದರು ಅತ್ತೆ.

"ನಮ್ಮ ಮಗ್ಗ ನಡಿಯೂದೂ ತೊಗಲಿನ ಪಟ್ಟಾದ ಮ್ಯಾಲನs ಬೇ" ಎಂದರು ಇವರು ಮೆಲ್ಲಗೆ. "ಅದರ ಭಕ್ರಿ ಒಳಗ ಬರತೈತಲ್ಲ."

ಅತ್ತೆ ಒಳಗೆ ಹೋದರು. ದೀಪ ಹಚ್ಚಿದ್ದು ಕಾಣಿಸಿತು. ಬಹಳ ಹೊತ್ತು ಆಚೆ ಬರಲಿಲ್ಲ. ಬಂದಾಗ ಅವರ ಕೈಯಲ್ಲಿ ಒದ್ದೆ ಅರಿವೆ ಇತ್ತು, ಇನ್ನೊಂದರಲ್ಲಿ ವಿಭೂತಿ. ಕೂಸಿನ ಬೂಟಿನ ತಳ ಒರೆಸಿದರು, ಮೂಲೆ ಬಿಡದೆ, ನಾನು ತಂಬಿಗೆ ತಿಕ್ಕುವಷ್ಟು ಕಾಳಜಿಯಿಂದ. ಬೂಟಿನ ತುದಿಗೆ ವಿಭೂತಿ ಹಚ್ಚಿದರು.

"ಇದು ಇನ್ನ ಚಪ್ಪಲಿ ಅಲ್ಲ, ಔಷಧ. ಔಷಧಕ್ಕ ಮೈಲಿಗಿ ಇಲ್ಲ, ಬರ್ರಿ ಒಳಗ" ಎಂದರು. ನಾನು ಎದ್ದು ಅವರ ಕಾಲು ಮುಟ್ಟಲು ಬಗ್ಗಿದರೆ ತಡೆದರು. "ಆದರ ಜಗಲಿ ಕೋಣಿಗೆ ಬಿಡಬ್ಯಾಡ. ಅಷ್ಟರ ನನ್ನ ಮಾತ ಇರಲಿ."

ಆಯಿತು ಎಂದೆ. ಜಗಲಿಯ ಕೋಣೆಯ ಬಾಗಿಲಿಗೆ ಮಣೆ ಅಡ್ಡ ಇಟ್ಟೆ. ಅಂದಿನಿಂದ ಕೆಂಪು ಬೂಟು ನನ್ನ ಅಡುಗೆಮನೆಯಲ್ಲಿ ಅಂಬೆಗಾಲಿಟ್ಟಿತು, ನನ್ನ ಹಾಸಿಗೆಯಲ್ಲಿ ಮಲಗಿತು, ಹಿಟ್ಟಿನ ಪರಾತ ಒದ್ದು ಬೀಳಿಸಿತು. ದಿನಕ್ಕೆ ಎರಡು ಸಲ ಅದರ ತಳ ಒರೆಸುವವರು ಅತ್ತೆಯೇ, ನನ್ನ ಕೈಗೆ ಕೊಡುತ್ತಿರಲಿಲ್ಲ. ಡಾಕ್ಟರು ಪ್ರತಿ ಸಲ ನೋಡಿ, ನೆಟ್ಟಗಿದೆ ಎನ್ನುತ್ತಿದ್ದರು. ಆದರೆ ಕೂಸು ಗೋಡೆ ಬಿಟ್ಟು ಹೆಜ್ಜೆ ಇಡುತ್ತಿರಲಿಲ್ಲ. ಅದರ ವಾರಿಗೆಯ ಮಕ್ಕಳು ಓಣಿಯಲ್ಲಿ ಓಡಾಡಿಕೊಂಡಿದ್ದವು. ಕಾಲೂರಿ ನಡೆದಾಗಲೇ ನಿಜ ಗೊತ್ತಾಗುವುದು ಎಂದು ಡಾಕ್ಟರು ಹೇಳಿದ್ದರು. ನಡೆಯಲಿ ಎಂದು ತುದಿಗಾಲಲ್ಲಿ ನಿಂತಿದ್ದೆ, ನಡೆದರೆ ಏನು ಕಾಣಬೇಕಾಗುವುದೋ ಎಂದು ಹೆದರಿಯೂ ಇದ್ದೆ.

ಒಂದು ಬೆಳಿಗ್ಗೆ ನಾನು ಭಕ್ರಿ ಬಡಿಯುತ್ತಿದ್ದೆ. ಅತ್ತೆ ಜಗಲಿಯ ಮುಂದೆ ಪೂಜೆಗೆ ಕೂತಿದ್ದರು, ಎಡ ಅಂಗೈಯಲ್ಲಿ ಲಿಂಗ, ದೃಷ್ಟಿ ಅದರ ಮೇಲೆ. ಮನೆಗೆ ಬೆಂಕಿ ಬಿದ್ದರೂ ಅವರು ಆ ಹೊತ್ತಿನಲ್ಲಿ ತುಟಿ ಬಿಚ್ಚುವವರಲ್ಲ. ನನ್ನ ಬೆನ್ನ ಹಿಂದೆ ಟಪ್ ಎಂಬ ಸದ್ದಾಯಿತು. ತುಸು ತಡೆದು ಇನ್ನೊಂದು ಟಪ್. ತಿರುಗಿ ನೋಡಿದೆ. ಅವಸರದಲ್ಲಿ ಅತ್ತೆ ಮಣೆ ಸರಿಸಿದ್ದನ್ನು ಮರಳಿ ಇಟ್ಟಿರಲಿಲ್ಲ. ನನ್ನ ಮಗಳು ಗೋಡೆ ಬಿಟ್ಟು, ಎರಡೂ ಕೈ ಅಗಲಿಸಿ, ಓಲಾಡುತ್ತ ನೆಟ್ಟಗೆ ಜಗಲಿಯ ಕೋಣೆಯೊಳಗೆ ನಡೆಯುತ್ತಿದ್ದಳು!

ಕೊಟ್ಟ ಮಾತು ನೆನಪಾಗಿ ಹಿಟ್ಟಿನ ಕೈಯಲ್ಲೇ ಓಡಿದೆ, ಹಿಂದಿನಿಂದ ಎತ್ತಿಕೊಳ್ಳಲು ಬಗ್ಗಿದೆ.

"ಹಿಡೀಬ್ಯಾಡ!"

ಅತ್ತೆ! ಪೂಜೆಯ ನಡುವೆ!

"ಹಿಡೀಬ್ಯಾಡ, ಬರಲಿ. ಬಾ ನನ್ನವ್ವಾ, ಬಾ."

ಟಪ್, ಟಪ್. ಹುಡುಗಿ ಹೋಗಿ ಅಜ್ಜಿಯ ಹೆಗಲು ಹಿಡಿದು ನಿಂತು ಗೆದ್ದವಳ ಹಾಗೆ ಕೇಕೆ ಹಾಕಿದಳು. ಅತ್ತೆ ಬಲಗೈ ಚಾಚಿ ಬೂಟಿನ ಹಿಮ್ಮಡಿಯ ಕೆಳಗೆ ಬೆರಳು ತೂರಿಸಲು ನೋಡಿದರು. ತೂರಲಿಲ್ಲ. ಸಂದೇ ಇರಲಿಲ್ಲ ಅಲ್ಲಿ.

"ಹಿಮ್ಮಡ ಊರ್ಯಾಳ!" ಎಂದು ಅವರು ಇಡೀ ಓಣಿಗೆ ಕೇಳುವ ಹಾಗೆ ಕೂಗಿದರು. "ಏ, ಪೂರಾ ಊರ್ಯಾಳ ನೋಡ ಬಾರೋ!"

ಶೆಡ್ಡಿನಲ್ಲಿ ಮಗ್ಗ ನಿಂತಿತು. ಇವರು ಓಡಿ ಬಂದಾಗ ನಾನು ಹಿಟ್ಟಿನ ಕೈಯಿಂದಲೇ ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದೆ. ಅತ್ತೆ ಮಾತ್ರ ಕೂತಲ್ಲಿಂದ ಏಳಲಿಲ್ಲ. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಬೂಟು. ಎರಡನ್ನೂ ಬಿಟ್ಟಿರಲಿಲ್ಲ ಅವರು.